ಸಮೋವಾ ನನ್ನ ಪಟ್ಟಿಯಲ್ಲಿ ಎಲ್ಲಿತ್ತು?

ಐದನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ನಾನು ಆರಿಸಿಕೊಂಡ ವಿಷಯ ಕೇಳಲು ಜೋರಾಗಿಯೇ ಇತ್ತು. ಲಸಿಕೆಯಿಂದ ತಡೆಯಬಹುದಾದ ಕಾಯಿಲೆ ಮುಂದೆ ಯಾವ ದೇಶದಲ್ಲಿ ಹಬ್ಬಬಹುದು ಎಂದು ಅಂದಾಜು ಮಾಡುವುದು. ತಲಾ ಆದಾಯ, ವೈದ್ಯರ ಸಂಖ್ಯೆ, ಆಸ್ಪತ್ರೆ ಹಾಸಿಗೆ ಎಲ್ಲವನ್ನೂ ಎಕ್ಸೆಲ್‌ಗೆ ತುಂಬಿ ಪಟ್ಟಿ ತೆಗೆದೆ. ಬಡ ದೇಶಗಳು ಮೇಲೆ, ಶ್ರೀಮಂತ ದೇಶಗಳು ಕೆಳಗೆ. ಗೈಡ್ ಮೇಡಂ ನೋಡಿ, ‘ಇದರಲ್ಲಿ ಸಮೋವಾ ಎಲ್ಲಿದೆ?’ ಎಂದರು. ಹುಡುಕಿದೆ, ಎಲ್ಲೋ ನಡುವೆ ಇತ್ತು. ‘2019ರಲ್ಲಿ ಅಲ್ಲೇನಾಯ್ತು ಓದ್ಕೊಂಡು ಬಾ’ ಎಂದು ಕಳಿಸಿದರು.

ಸಮೋವಾ ಸುಮಾರು 2 ಲಕ್ಷ ಜನರ ಪೆಸಿಫಿಕ್ ದ್ವೀಪ ದೇಶ. ಕಡುಬಡ ದೇಶವೇನಲ್ಲ. ವಿಶ್ವಸಂಸ್ಥೆಯ ಅತ್ಯಂತ ಹಿಂದುಳಿದ ದೇಶಗಳ ಪಟ್ಟಿಯಿಂದ 2014ರಲ್ಲೇ ಹೊರಬಂದಿತ್ತು. 2018ರ ಜುಲೈನಲ್ಲಿ ಅಲ್ಲಿ ಎಂಎಂಆರ್ ಚುಚ್ಚುಮದ್ದು ಪಡೆದ ಎರಡು ಹಸುಳೆಗಳು ಸತ್ತವು. ಲಸಿಕೆಯ ಪುಡಿಗೆ ನೀರು ಬೆರೆಸಬೇಕಾದಲ್ಲಿ ಸ್ನಾಯು ಸಡಿಲಿಸುವ ಔಷಧ ಬೆರೆಸಲಾಗಿತ್ತು. ಲಸಿಕೆಯಲ್ಲಿ ದೋಷವಿರಲಿಲ್ಲ. ಆದರೂ ಸರ್ಕಾರ ಎಂಎಂಆರ್ ಹಾಕುವುದನ್ನೇ ತಿಂಗಳುಗಟ್ಟಲೆ ನಿಲ್ಲಿಸಿತು. ಆ ವರ್ಷ ದಡಾರದ ಮೊದಲ ಡೋಸ್ ಪಡೆದ ಮಕ್ಕಳ ಪ್ರಮಾಣ ಸುಮಾರು ಶೇ 31ಕ್ಕೆ ಕುಸಿಯಿತು. ಲಸಿಕೆ ಮತ್ತೆ ಶುರುವಾದರೂ ಹೆದರಿದ ತಾಯಂದಿರು ಬರಲಿಲ್ಲ.

ಮರುವರ್ಷ ದಡಾರ ಬಂತು. 5,700ಕ್ಕೂ ಹೆಚ್ಚು ಜನರಿಗೆ ತಗುಲಿ 83 ಮಂದಿ ಸತ್ತರು. ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ಡಿಸೆಂಬರ್‌ನಲ್ಲಿ ಎರಡು ದಿನ ಸರ್ಕಾರಿ ಕೆಲಸಗಳನ್ನೆಲ್ಲ ನಿಲ್ಲಿಸಿ, ಲಸಿಕೆ ಬೇಕಾದ ಮನೆಗಳ ಮುಂದೆ ಕೆಂಪು ಬಟ್ಟೆ ಕಟ್ಟಿ ಎಂದು ಹೇಳಿ, ತಂಡಗಳು ಮನೆಮನೆಗೆ ಹೋದವು. ಅದೇ ಹೊತ್ತಿಗೆ ನೆರೆಯ ಟೊಂಗಾ, ಫಿಜಿಗೂ ದಡಾರ ಹೋಗಿತ್ತು. ಅಲ್ಲಿ ಒಬ್ಬರೂ ಸಾಯಲಿಲ್ಲ, ಏಕೆಂದರೆ ಹೆಚ್ಚಿನ ಮಕ್ಕಳಿಗೆ ಲಸಿಕೆ ಆಗಿತ್ತು. ನನ್ನ ಪಟ್ಟಿಯಲ್ಲಿ ಮೂರೂ ದೇಶಗಳು ಅಕ್ಕಪಕ್ಕದಲ್ಲಿದ್ದವು!

ಆಮೇಲೆ ಲೆಕ್ಕ ಹೊಸದಾಗಿ ಹಾಕಿದೆ. ಯಾರಿಗೂ ರಕ್ಷಣೆ ಇಲ್ಲದ ಕಡೆ ದಡಾರ ಬಂದ ಒಬ್ಬ ವ್ಯಕ್ತಿ 12ರಿಂದ 18 ಜನರಿಗೆ ಹರಡಬಲ್ಲ. ಅದನ್ನು ತಡೆಯಲು ನೂರರಲ್ಲಿ ಸುಮಾರು 95 ಜನರಿಗೆ ರಕ್ಷಣೆ ಇರಬೇಕು. ಶೇ 80 ಎಂದರೆ ನಮಗೆ ಡಿಸ್ಟಿಂಕ್ಷನ್, ದಡಾರಕ್ಕೆ ಅದು ಫೇಲ್. ವರ್ಷಕ್ಕೆ 1 ಲಕ್ಷ ಮಕ್ಕಳು ಹುಟ್ಟುವ ದೇಶದಲ್ಲಿ ಶೇ 80 ಮಕ್ಕಳಿಗೆ ಒಂದೇ ಡೋಸ್ ಸಿಗುತ್ತದೆ ಎಂದುಕೊಳ್ಳಿ. 20,000 ಮಕ್ಕಳು ಹೊರಗುಳಿದರು. ಒಂಬತ್ತು ತಿಂಗಳಿಗೆ ಕೊಡುವ ಮೊದಲ ಡೋಸ್ ಸುಮಾರು ಶೇ 85ರಷ್ಟು ಮಕ್ಕಳಲ್ಲಷ್ಟೇ ಕೆಲಸ ಮಾಡುತ್ತದೆ. ಹಾಗಾಗಿ ಚುಚ್ಚಿಸಿಕೊಂಡವರಲ್ಲೂ 12,000 ಮಕ್ಕಳಿಗೆ ರಕ್ಷಣೆ ಇಲ್ಲ. ವರ್ಷಕ್ಕೆ 32,000. ಮೂರು ವರ್ಷಕ್ಕೆ ಹೆಚ್ಚುಕಡಿಮೆ ಒಂದು ಲಕ್ಷ. ಹೀಗೆ ಸೇರುತ್ತಾ ಹೋದ ಮಕ್ಕಳ ಸಂಖ್ಯೆ ಒಂದು ವರ್ಷದ ಹೆರಿಗೆಗಳ ಸಂಖ್ಯೆಗೆ ಹತ್ತಿರವಾದಾಗ ದೊಡ್ಡ ಹಾವಳಿ ನಿರೀಕ್ಷಿಸಿ ಎನ್ನುತ್ತಾರೆ ತಜ್ಞರು. ಅಂದರೆ ನೋಡಬೇಕಾದ್ದು ಈ ವರ್ಷದ ಶೇಕಡಾವಾರನ್ನಲ್ಲ, ಹಿಂದಿನ ವರ್ಷಗಳ ಬಾಕಿಯನ್ನು. (ನಮ್ಮ ಬ್ಯಾಕ್‌ಲಾಗ್ ಇದ್ದ ಹಾಗೆ.)

ದೇಶದ ಸರಾಸರಿಯೂ ಮೋಸ ಮಾಡುತ್ತದೆ. ಅಮೆರಿಕ 2000ರಲ್ಲೇ ದಡಾರ ನಿರ್ಮೂಲನೆಯಾಯಿತೆಂದು ಘೋಷಿಸಿತ್ತು. 2019ರಲ್ಲಿ ಅಲ್ಲಿ 1,274 ಪ್ರಕರಣ. ಹೆಚ್ಚಿನವು ಲಸಿಕೆ ಹಾಕಿಸದ ಕುಟುಂಬಗಳೇ ಒಟ್ಟಾಗಿರುವ ಸಮುದಾಯಗಳಲ್ಲಿ.

ಉಳಿದದ್ದು ಭಯದ ಲೆಕ್ಕ. 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಗ ನಾನು ಶಾಲೆಯಲ್ಲಿದ್ದೆ. ವಾಟ್ಸ್‌ಆ್ಯಪ್‌ನಲ್ಲಿ ಏನೇನೋ ಸುದ್ದಿ. ಚುಚ್ಚುವ ದಿನ ನಮ್ಮ ಕ್ಲಾಸಿನಲ್ಲಿ ಕೆಲವು ಬೆಂಚು ಖಾಲಿ ಇದ್ದವು. ನಮ್ಮಮ್ಮನೂ ಬೇಡ ಅಂದಿದ್ದರು. ಹಿಂದಿನ ಸಂಜೆ ಆಶಾ ಅಕ್ಕ ಮನೆಗೆ ಬಂದು, ಕಾಫಿ ಆರುವವರೆಗೂ ಅಮ್ಮನ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಹೋದ ಮೇಲೆಯೇ ಕಳಿಸಿದ್ದು.

ಇದನ್ನು ಯಾವ ಕಾಲಂನಲ್ಲಿ ಬರೆಯಲಿ ಎಂದು ಮೇಡಂ ಹತ್ತಿರ ಕೇಳಿದೆ. ಮೊದಲ ಡೋಸ್‌ಗೂ ಎರಡನೆಯದಕ್ಕೂ ಇರುವ ಅಂತರ ನೋಡು ಎಂದರು. ಒಮ್ಮೆ ಬಂದ ತಾಯಿ ಮತ್ತೆ ಬಂದಳೇ ಇಲ್ಲವೇ ಎಂಬುದು ಅಲ್ಲಿ ಸ್ವಲ್ಪವಾದರೂ ಕಾಣುತ್ತದಂತೆ. ಹಾಸಿಗೆ, ವೈದ್ಯರ ಕಾಲಂ ಅಳಿಸಿ ಈಗ ಅದನ್ನು ತುಂಬುತ್ತಿದ್ದೇನೆ.