ಎರಡು ಮಗ್ಗುಲಿನ ಚಕ್ರ

ಹುಬ್ಬಳ್ಳಿಯ ಬೆಂಗೇರಿಯಲ್ಲಿ, ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಆವರಣದೊಳಗೆ, ನಮ್ಮ ರಾಷ್ಟ್ರಧ್ವಜವು ಸಿದ್ಧಗೊಳ್ಳುವ ಕಾರ್ಯಶಾಲೆಗಳನ್ನು ಒಂದಿಡೀ ದಿನ ತಿರುಗಿ ನೋಡಿ ಬಂದು ವಾರಗಳು ಕಳೆದರೂ, ನನ್ನ ಕಣ್ಣೆದುರಿನಿಂದ ಮರೆಯಾಗದೆ ನಿಂತಿರುವುದು ಒಂದೇ ದೃಶ್ಯ. ಐವತ್ತರ ಪ್ರಾಯದ ಹೆಣ್ಣುಮಗಳೊಬ್ಬಳು ಚಕ್ರ ಮುದ್ರಿತವಾದ ಬಿಳಿಯ ಖಾದಿಯ ಪಟ್ಟಿಯನ್ನು ಎರಡು ಕೈಗಳಿಂದಲೂ ಮೇಲೆತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಉಸಿರನ್ನೂ ಬಿಗಿಹಿಡಿದಂತೆ ನೋಡುತ್ತಿದ್ದಳು.

“ಏನು ನೋಡುತ್ತಿದ್ದೀರಿ, ಅಕ್ಕಾ?” ಎಂದೆ.

“ಈ ಮಗ್ಗಲ ಕಡ್ಡಿ ಆ ಮಗ್ಗಲ ಕಡ್ಡಿ ಮ್ಯಾಲೆ ಬರೋಬ್ಬರಿ ಕುಂತಾವೋ ಇಲ್ಲೋ ನೋಡಬೇಕ್ರೀ ಸರ. ಒಂದ ಚೂರ ಸರದ್ರೂ ನಡಿಯೂದಿಲ್ಲ, ತಗದ ಇಡೂದ.”

ಅವಳು ಕಡ್ಡಿಗಳೆಂದದ್ದು ಚಕ್ರದ ಇಪ್ಪತ್ತನಾಲ್ಕು ಅರಗಳನ್ನು. ಬಟ್ಟೆಯ ಮುಂಬದಿಗೊಮ್ಮೆ, ಹಿಂಬದಿಗೊಮ್ಮೆ ಅಚ್ಚು ಬೀಳುತ್ತದೆ. ಎರಡೂ ಒಂದರ ಮೇಲೊಂದು ಕೂಡಿ ಒಂದೇ ಚಕ್ರವಾಗಬೇಕು. ಈ ನಿಯಮದ ಬೇರನ್ನು ಅರಸಿ ಹೊರಟ ನನಗೆ ದೊರೆತದ್ದು, ಧ್ವಜದ ಇತಿಹಾಸದಲ್ಲೇ ಅತ್ಯಂತ ಸ್ವಾರಸ್ಯವಾದುದೆಂದು ನಾನು ನಂಬುವ ಒಂದು ಪ್ರಸಂಗ.

1921ರಲ್ಲಿ ಬೆಜವಾಡದಲ್ಲಿ ಪಿಂಗಳಿ ವೆಂಕಯ್ಯನವರು ಗಾಂಧೀಜಿಗೆ ಒಪ್ಪಿಸಿದ ಮಾದರಿ, 1931ರಲ್ಲಿ ಕಾಂಗ್ರೆಸ್ಸು ಅಂಗೀಕರಿಸಿದ ಕೇಸರಿ, ಬಿಳಿ, ಹಸಿರುಗಳ ನಡುವಣ ಚರಕ, 1938ರ ಏಪ್ರಿಲಿನಲ್ಲಿ ಆ ಧ್ವಜಕ್ಕಾಗಿಯೇ ಶಿವಪುರದಲ್ಲಿ ನೆರೆದ ಜನಸಾಗರ, ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಹರಿದ ನೆತ್ತರು, ಇವೆಲ್ಲ ನಮ್ಮ ಓದುಗರು ಬಲ್ಲ ಸಂಗತಿಗಳೇ. ಆ ಚರಕವೆಲ್ಲಿ ಹೋಯಿತು? 1947ರ ಜುಲೈ 22ರಂದು ಸಂವಿಧಾನ ಸಭೆಯಲ್ಲಿ ಗೊತ್ತುವಳಿಯನ್ನು ಮಂಡಿಸುತ್ತ ಜವಾಹರಲಾಲ ನೆಹರೂ ಅವರು ಕೊಟ್ಟ ಕಾರಣದಲ್ಲಿ ತತ್ತ್ವಕ್ಕಿಂತ ಮೊದಲು ರೇಖಾಗಣಿತವಿದೆ. ಚರಕಕ್ಕೆ ಒಂದು ತುದಿಯಲ್ಲಿ ಚಕ್ರ, ಇನ್ನೊಂದು ತುದಿಯಲ್ಲಿ ಕದಿರು. ಬಾವುಟದ ಒಂದು ಮಗ್ಗುಲಿನಿಂದ ನೋಡಿದಂತೆ ಇನ್ನೊಂದು ಮಗ್ಗುಲಿನಿಂದ ಅದು ಕಾಣದು, ತಿರುವುಮುರುವಾಗುತ್ತದೆ. ಆದುದರಿಂದ ಕದಿರನ್ನು ಬಿಟ್ಟು ಚಕ್ರವನ್ನಷ್ಟೇ ಉಳಿಸಿಕೊಂಡು, ಅದರ ರೂಪವನ್ನು ಸಾರನಾಥದ ಅಶೋಕಸ್ತಂಭದ ಸಿಂಹಶೀರ್ಷದಿಂದ ಎರವಲು ತರಲಾಯಿತು. ಗೊತ್ತುವಳಿಯ ಮಾತಾದರೋ ಸ್ಪಷ್ಟವಾಗಿದೆ: ಆ ಗಾಢನೀಲಿಯ ಚಕ್ರವು ಚರಕವನ್ನು ಪ್ರತಿನಿಧಿಸುವುದು. ಅಶೋಕನದು ಆಕೃತಿ, ಅರ್ಥ ನೂಲುವವರದು. ಕದಿರನ್ನು ಕಳೆದುಕೊಂಡ ಚರಕವು ಗಾಂಧೀಜಿಯವರ ಮನಸ್ಸಿಗೆ ನೋವನ್ನೇ ತಂದಿತೆಂಬುದನ್ನೂ ಇಲ್ಲಿ ನೆನೆಯಬೇಕು.

ಇಪ್ಪತ್ತನಾಲ್ಕು ಅರಗಳೆಂದರೆ ದಿನದ ಇಪ್ಪತ್ತನಾಲ್ಕು ಗಂಟೆಗಳೆಂದು ಶಾಲೆಗಳಲ್ಲಿ ಬೋಧಿಸುವುದುಂಟು, ನನಗದು ಒಪ್ಪಿಗೆಯಾಗದು. ಗೊತ್ತುವಳಿಯಲ್ಲಿ ಗಂಟೆಗಳ ಸೊಲ್ಲೇ ಇಲ್ಲ. ಸಾರನಾಥದ ಶಿಲ್ಪಿಯು ಆನೆ, ಗೂಳಿ, ಕುದುರೆ, ಸಿಂಹಗಳ ನಡುನಡುವೆ ಕೆತ್ತಿದ ಚಕ್ರಗಳಿಗೆ ಇಪ್ಪತ್ತನಾಲ್ಕು ಅರಗಳಿದ್ದುವು, ಹಾಗಾಗಿ ಧ್ವಜದ ಚಕ್ರಕ್ಕೂ ಅಷ್ಟೇ. ಸಿಂಹಗಳ ನೆತ್ತಿಯ ಮೇಲೆ ಇದ್ದ, ಈಗ ತುಣುಕುಗಳಾಗಿ ಉಳಿದಿರುವ ದೊಡ್ಡ ಧರ್ಮಚಕ್ರಕ್ಕಾದರೋ ಮೂವತ್ತೆರಡು ಅರಗಳಿದ್ದುವೆಂದು ವಿದ್ವಾಂಸರ ಎಣಿಕೆ. ಅದನ್ನೇ ಆರಿಸಿಕೊಂಡಿದ್ದರೆ ಗಂಟೆಗಳ ಲೆಕ್ಕವನ್ನು ಯಾರು ತಾನೆ ಹೇಳುತ್ತಿದ್ದರು?

ಬೆಂಗೇರಿಯ ಕೆಲಸದ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆನು. ಬಟ್ಟೆ ಬರುವುದು ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯ ಮಗ್ಗಗಳಿಂದ. ಧಾರವಾಡದ ಬಳಿಯ ಗರಗದ ನೇಕಾರರೂ ಧ್ವಜದ ಬಟ್ಟೆಗೆ ಹೆಸರಾದವರೇ. ಅದಕ್ಕೆ ಬಣ್ಣ ಕಟ್ಟಿ, ಚಕ್ರವನ್ನು ಅಚ್ಚೊತ್ತಿ, ಮೂರು ಪಟ್ಟಿಗಳನ್ನು ಜೋಡಿಸಿ ಹೊಲಿದು, ಇಸ್ತ್ರಿ ಮಾಡಿ, ಕಡೆಗೆ ಹಗ್ಗವನ್ನೂ ಮರದ ಗುಂಡಿಯನ್ನೂ ಕಟ್ಟುವರು. 1957ರಲ್ಲಿ ಹುಟ್ಟಿದ ಈ ಸಂಘವು ಭಾರತೀಯ ಮಾನಕ ಬ್ಯೂರೋದ ಮುದ್ರೆಯನ್ನು ಪಡೆದದ್ದು ಈ ಶತಮಾನದ ಆದಿಯಲ್ಲಿ. ಸ್ವತಂತ್ರ ಭಾರತವು ವಸ್ತುಗಳಿಗಾಗಿ ರಚಿಸಿದ ಮಾನಕಗಳಲ್ಲಿ ಮೊದಲನೆಯ ಸಂಖ್ಯೆಯದೇ, 1951ರದು, ರಾಷ್ಟ್ರಧ್ವಜಕ್ಕೆ ಸಂಬಂಧಪಟ್ಟದ್ದು. ನೂಲಿನ ಎಣಿಕೆ, ಬಣ್ಣದ ಛಾಯೆ, ಹೊಲಿಗೆ, ಯಾವುದರಲ್ಲಿ ಲೋಪ ಕಂಡರೂ ಧ್ವಜ ತಿರಸ್ಕೃತ.

ಇಷ್ಟೊಂದು ನಿಷ್ಠೆಯಿಂದ ದುಡಿಯುವ ಕೈಗಳನ್ನು ಕಂಡ ಮೇಲೆ, 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಯನ್ನು ತಿದ್ದಿ ಯಂತ್ರದಿಂದ ನೆಯ್ದ ಪಾಲಿಯೆಸ್ಟರಿಗೂ ಎಡೆಗೊಟ್ಟದ್ದನ್ನು ನಾನು ನಿರ್ಲಿಪ್ತನಾಗಿ ಬರೆಯಲಾರೆ. ಧ್ವಜವು ಮನೆಮನೆಗೂ ತಲುಪಬೇಕೆಂಬ ಆಶಯ ಹಿರಿದೇ. ಆದರೆ ಚರಕವನ್ನು ಪ್ರತಿನಿಧಿಸುವ ಚಕ್ರವು, ಚರಕದ ಸ್ಪರ್ಶವನ್ನೇ ಕಾಣದ ಬಟ್ಟೆಯ ಮೇಲೆ ತಿರುಗುವುದನ್ನು ನೋಡಿದಾಗ ನನ್ನ ಕರುಳು ಕಿವುಚುತ್ತದೆ.

ಮಾನಕದಲ್ಲಿ ಒಂಬತ್ತು ಅಳತೆಗಳುಂಟು. ಅತಿ ದೊಡ್ಡದು 6300 ಮಿಲಿಮೀಟರ್ ಉದ್ದ, 4200 ಅಗಲ. ಅದರ ಚಕ್ರದ ವ್ಯಾಸವೇ 1295. ಅದನ್ನು ನೋಡಿ ಬೆರಗಾಗಿ ನಿಂತಿದ್ದ ನನ್ನನ್ನು ಆ ಹೆಣ್ಣುಮಗಳು ಕರೆದು, “ಇದನ್ನ ನೋಡ್ರೀ, ಇದ ಭಾಳ ತ್ರಾಸಿಂದು,” ಎಂದು ಅಂಗೈಯಗಲದ ಬಾವುಟವೊಂದನ್ನು ಮುಂದೆ ಹಿಡಿದಳು: 150 ಮಿಲಿಮೀಟರ್ ಉದ್ದ, 100 ಅಗಲ, ಚಕ್ರ ಬರಿಯ 25. ಮಾತುಕತೆಯ ಮೇಜಿನ ಮೇಲೆ, ಎದುರುಬದುರು ಕುಳಿತ ಇಬ್ಬರ ನಡುವೆ ನಿಲ್ಲುವ ಬಾವುಟವದು. ಅವಳು ಅದನ್ನು ಬೆಳಕಿಗೆ ಹಿಡಿದಳು; ಈಚೆಯಿಂದ ನಾನು, ಆಚೆಯಿಂದ ಅವಳು, ಅರಗಳನ್ನು ಎಣಿಸತೊಡಗಿದೆವು.