ಬೇಸಿಗೆಯಲ್ಲಿ ಹಿತ್ತಲ ಕೋಳಿಗಳು ಸಾಲಾಗಿ ಸಾಯುವುದು ಬಿಸಿಲಿಗೇನಾ?

ಗದಗ-ಬೆಟಗೇರಿಯ ಓಣಿಗಳಲ್ಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸುತ್ತಲಿನ ಹಳ್ಳಿಗಳಲ್ಲಿ ಹಿತ್ತಲಲ್ಲಿ ನಾಲ್ಕಾರು ಜವಾರಿ ಕೋಳಿ ಸಾಕುವುದು ಹೊಸದೇನಲ್ಲ. ಹಗಲೆಲ್ಲ ತಿಪ್ಪೆ ಕೆದರಿ, ಚೆಲ್ಲಿದ ಜೋಳ, ನುಚ್ಚು ತಿಂದು ಸಂಜೆಗೆ ಬುಟ್ಟಿಯಡಿ ಸೇರುತ್ತವೆ. ಖರ್ಚು ಕಡಿಮೆ. ತತ್ತಿ ಮಾರಿದ ರೊಕ್ಕ ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳ ಕೈಯಲ್ಲೇ ಉಳಿಯುತ್ತದೆ.

ಆದರೆ ಬೇಸಿಗೆ ಹೊತ್ತಿಗೆ ಒಂದೇ ವಾರದಲ್ಲಿ ಗೂಡು ಖಾಲಿಯಾಗುವುದುಂಟು. ‘ಬಿಸಿಲಿಗೆ ಹೋದವು’ ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಈ ಮಾತು ಎಷ್ಟು ನಿಜ?

ಬಿಸಿಲಿನ ಲಕ್ಷಣ ಯಾವುದು?

ಬಿಸಿಲಿಗೂ ಕೋಳಿ ಸಾಯಬಹುದು. ಕೋಳಿಯ ಮೈ ಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. ಅದಕ್ಕೆ ಬೆವರುವ ಗ್ರಂಥಿಗಳಿಲ್ಲ. ಹಾಗಾಗಿ ಬಾಯಿ ತೆರೆದು ಏದುಸಿರು ಬಿಡುತ್ತಾ, ರೆಕ್ಕೆ ಅಗಲಿಸಿ ಮೈ ತಂಪು ಮಾಡಿಕೊಳ್ಳುತ್ತದೆ. ಬಿಸಿಲಿನ ಹೊಡೆತ ಕಾಣುವುದು ಮಧ್ಯಾಹ್ನದ ಉರಿ ಹೊತ್ತಿನಲ್ಲಿ. ನೆರಳು, ತಣ್ಣೀರು ಸಿಕ್ಕರೆ, ಸಂಜೆ ತಂಪಾದರೆ ಬಹುತೇಕ ಕೋಳಿಗಳು ಚೇತರಿಸಿಕೊಳ್ಳುತ್ತವೆ.

ಸಂಜೆಯಾದರೂ ತೂಕಡಿಸುತ್ತಿದ್ದರೆ, ಹಸಿರು ಬಣ್ಣದ ನೀರು ನೀರಾದ ಹಿಕ್ಕೆ ಹಾಕುತ್ತಿದ್ದರೆ, ಗೊರಗೊರ ಉಸಿರಾಡುತ್ತಿದ್ದರೆ, ಕುತ್ತಿಗೆ ತಿರುಚಿಕೊಂಡರೆ, ಕಾಲು ಅಥವಾ ರೆಕ್ಕೆ ಸ್ವಾಧೀನ ತಪ್ಪಿದರೆ ಬಿಸಿಲನ್ನು ದೂರಬೇಡಿ. ಇವು ಕೊಕ್ಕರೆ ರೋಗ, ಅಂದರೆ ರಾಣಿಖೇತ್ ರೋಗದ ಲಕ್ಷಣಗಳು.

ಏನಿದು ಕೊಕ್ಕರೆ ರೋಗ?

ಇದು ವೈರಸ್‌ನಿಂದ ಬರುವ ರೋಗ. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಇದನ್ನು ಗುರುತಿಸಿದ್ದರಿಂದ ಜಗತ್ತು ಇದನ್ನು ನ್ಯೂಕ್ಯಾಸಲ್ ರೋಗ ಎನ್ನುತ್ತದೆ. ಅದಾದ ಸ್ವಲ್ಪ ಕಾಲಕ್ಕೆ ಭಾರತದ ಕುಮಾವ್ ಬೆಟ್ಟಗಳ ರಾಣಿಖೇತ್‌ನಲ್ಲಿ ಕಂಡುಬಂದು, ನಮ್ಮಲ್ಲಿ ಆ ಊರಿನ ಹೆಸರೇ ಉಳಿಯಿತು. ಲಸಿಕೆ ಹಾಕದ ಕೋಳಿಗಳಿಗೆ ತೀವ್ರ ಸ್ವರೂಪದ ರೋಗ ತಗುಲಿದರೆ ಹಿಂಡೇ ಸಾಯಬಹುದು.

ಹಾಗಾದರೆ ಬೇಸಿಗೆಯಲ್ಲೇ ಯಾಕೆ? ಬಿಸಿಲಿಗೆ ಬಳಲಿದ ಕೋಳಿಯ ರೋಗನಿರೋಧಕ ಶಕ್ತಿ ಕುಗ್ಗಿರುತ್ತದೆ. ಜಾತ್ರೆ, ಮದುವೆ, ಬೀಗರೂಟದ ಕಾಲವಾದ್ದರಿಂದ ಸಂತೆಯಲ್ಲಿ ಕೋಳಿಗಳ ಕೊಡುಕೊಳ್ಳುವಿಕೆಯೂ ಹೆಚ್ಚು. ಒಂದೆರಡು ಕೋಳಿ ಸಪ್ಪಗಾದ ಕೂಡಲೇ ಉಳಿದವನ್ನು ಸಿಕ್ಕ ಬೆಲೆಗೆ ಮಾರುವವರಿದ್ದಾರೆ. ವೈರಸ್ ತಗುಲಿದ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ ಐದಾರು ದಿನ ಬೇಕು. ಅಷ್ಟರಲ್ಲಿ ಚೆನ್ನಾಗಿಯೇ ಕಾಣುವ ಕೋಳಿ ಇನ್ನೊಂದು ಹಿತ್ತಲು ಸೇರಿರುತ್ತದೆ. ಹಿಕ್ಕೆ ಮೆತ್ತಿದ ಬುಟ್ಟಿ, ಚಪ್ಪಲಿಗಳಿಂದಲೂ ರೋಗ ಹರಡುತ್ತದೆ. ತಮಾಷೆಯೆಂದರೆ, ನಾವು ದೂರುವ ಬಿಸಿಲೇ ಹೊರಗೆ ಬಿದ್ದ ಈ ವೈರಸ್ಸನ್ನು ನಾಶ ಮಾಡುತ್ತದೆ!

‘ಜವಾರಿ ಕೋಳಿಗೆ ರೋಗ ಬರೋದಿಲ್ಲ’

ಪೂರ್ತಿ ನಿಜವಲ್ಲ. ಜವಾರಿ ಕೋಳಿ ಗಟ್ಟಿ ಜೀವ, ಆದರೆ ಈ ರೋಗಕ್ಕೆ ಅದೂ ಬಲಿಯಾಗುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹಿತ್ತಲಿಗೆಂದೇ ರೂಪಿಸಿದ ಗಿರಿರಾಜ ಕೋಳಿಗೂ ಲಸಿಕೆ ಬೇಕು.

ಉಳ್ಳಾಗಡ್ಡಿ, ಅರಿಶಿಣದ ನೀರು ರೋಗ ವಾಸಿ ಮಾಡುವುದಿಲ್ಲ. ಅಂಗಡಿಯಿಂದ ತರುವ ಆ್ಯಂಟಿಬಯಾಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾ ಮೇಲೆ, ವೈರಸ್ ಮೇಲಲ್ಲ. ಈ ರೋಗಕ್ಕೆ ಚಿಕಿತ್ಸೆಯೇ ಇಲ್ಲ, ಮೊದಲೇ ಹಾಕಿಸುವ ಲಸಿಕೆಯೇ ದಾರಿ.

ಲಸಿಕೆ ಇದ್ದರೂ ಯಾಕೆ ಹಾಕಿಸುವುದಿಲ್ಲ?

ಮರಿಗೆ 5ರಿಂದ 7 ದಿನವಾದಾಗ ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ ಎಫ್-1 ಇಲ್ಲವೇ ಲಸೋಟಾ ಲಸಿಕೆ, ಸುಮಾರು 4ನೇ ವಾರಕ್ಕೆ ಮತ್ತೊಮ್ಮೆ ಲಸೋಟಾ, 8ನೇ ವಾರದ ಹೊತ್ತಿಗೆ ಆರ್‌2ಬಿ ಚುಚ್ಚುಮದ್ದು. ಇದು ರೂಢಿಯಲ್ಲಿರುವ ಕ್ರಮ. ಮುಂದಿನ ಲಸಿಕೆ ಯಾವಾಗ ಎಂದು ಪಶುವೈದ್ಯರನ್ನು ಕೇಳಿ.

ತೊಡಕು ಇರುವುದು ಸೀಸೆಯ ಅಳತೆಯಲ್ಲಿ. ಲಸಿಕೆ ಸೀಸೆಗಳು ಸಾಮಾನ್ಯವಾಗಿ 100 ಅಥವಾ ಅದಕ್ಕೂ ಹೆಚ್ಚು ಕೋಳಿಗಳ ಲೆಕ್ಕಕ್ಕೆ ಬರುತ್ತವೆ. 2ರಿಂದ 8 ಡಿಗ್ರಿ ತಂಪಿನಲ್ಲೇ ಇಡಬೇಕು. ಒಮ್ಮೆ ಕಲಸಿದರೆ ಒಂದೆರಡು ತಾಸಿನೊಳಗೆ ಮುಗಿಸಬೇಕು. ಹತ್ತು ಕೋಳಿಯ ಮನೆಯವರು ಒಬ್ಬರೇ ಹೋದರೆ ಉಳಿದ ಲಸಿಕೆ ದಂಡ. ಅದೇ ಓಣಿಯ ಹತ್ತು ಮನೆಯವರು ಒಂದು ದಿನ ಗೊತ್ತು ಮಾಡಿ, ಬೆಳಿಗ್ಗೆ ಬುಟ್ಟಿ ಎತ್ತುವ ಮೊದಲೇ ಎಲ್ಲ ಕೋಳಿಗಳಿಗೂ ಹಾಕಿಸಿದರೆ ಒಂದು ಸೀಸೆ ಸಾಕು. ಪಕ್ಕದ ಹಿತ್ತಲ ಕೋಳಿಗೂ ರಕ್ಷಣೆ ಸಿಗುವುದರಿಂದ ನಿಮ್ಮ ಕೋಳಿಗೆ ಅಪಾಯ ಇನ್ನಷ್ಟು ಕಡಿಮೆ. ಬಿಸಿಲೇರುವ ಮುನ್ನವೇ, ಆರೋಗ್ಯವಾಗಿರುವ ಕೋಳಿಗಳಿಗೆ ಇದನ್ನು ಮುಗಿಸಿ.

ರೋಗ ಬಂದೇಬಿಟ್ಟರೆ?

- ಸಪ್ಪಗಾದ ಕೋಳಿಯನ್ನು ಕೂಡಲೇ ಬೇರೆ ಇಡಿ. ಉಳಿದವನ್ನು ಸಂತೆಗೆ ಒಯ್ಯಬೇಡಿ.
- ಸತ್ತವನ್ನು ತಿಪ್ಪೆಗೆ, ಹಳ್ಳಕ್ಕೆ ಎಸೆಯಬೇಡಿ. ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿ. ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಿರಿ.
- ಹಲವು ಕೋಳಿ ಒಟ್ಟಿಗೆ ಸತ್ತರೆ ಪಶು ಆಸ್ಪತ್ರೆಗೆ ತಿಳಿಸಿ. ಹಕ್ಕಿಜ್ವರವೂ ಹೀಗೇ ಕಾಣಬಹುದು, ಪ್ರಯೋಗಾಲಯದ ಪರೀಕ್ಷೆಯಿಂದಷ್ಟೇ ಖಚಿತವಾಗುತ್ತದೆ.
- ಸಂತೆಯಿಂದ ಹೊಸ ಕೋಳಿ ತಂದಾಗ ಎರಡು ವಾರ ಬೇರೆ ಕಟ್ಟಿ ನೋಡಿ, ಆಮೇಲೆ ಹಿಂಡಿಗೆ ಬಿಡಿ.