ಹನ್ನೊಂದು ಕಣ್ಣಿನ ಕತ್ತಲಮನೆ

ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಿನ ಸಮುದ್ರದಲ್ಲಿ ಮ್ಯಾನ್ ದ್ವೀಪವಿದೆ. ಅದರ ರಾಜಧಾನಿ ಡಗ್ಲಾಸ್. ಅಲ್ಲಿನ ಬಂದರಿನ ಪಕ್ಕದಲ್ಲೇ ಎದ್ದುನಿಂತಿರುವ ಡಗ್ಲಾಸ್ ಹೆಡ್ ಎಂಬ ಗುಡ್ಡದ ಮೇಲೆ ತಗ್ಗು ಕಟ್ಟಡವೊಂದು ಕಾಣುತ್ತದೆ. ಸುತ್ತಲೂ ಅಷ್ಟೊಂದು ಚೆಂದದ ಕಡಲನ್ನು ಬಿಟ್ಟು ಜನ ದುಡ್ಡು ಕೊಟ್ಟು ಅದರೊಳಗಿನ ಕತ್ತಲೆಗೆ ನುಗ್ಗುತ್ತಿದ್ದರು. ಅವರು ನೋಡಲು ಹೋಗುತ್ತಿದ್ದದ್ದು ಅದೇ ಕಡಲನ್ನೇ!

ಇದು 1892ರಲ್ಲಿ ಕಟ್ಟಿದ ಗ್ರೇಟ್ ಯೂನಿಯನ್ ಕ್ಯಾಮೆರಾ ಅಬ್ಸ್ಕ್ಯೂರಾ, ಅಂದರೆ ಕತ್ತಲ ಕೋಣೆ.

ಇದರ ಹಿಂದಿರುವ ತತ್ವ ಬಹಳ ಹಳೆಯದು. ಕತ್ತಲ ಕೋಣೆಯ ಗೋಡೆಯಲ್ಲಿ ಸಣ್ಣ ರಂಧ್ರವಿದ್ದರೆ ಹೊರಗಿನ ದೃಶ್ಯ ಎದುರು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಬೆಳಕು ನೇರವಾಗಿ ಚಲಿಸುವುದರಿಂದ ಮೇಲಿನಿಂದ ಬಂದ ಕಿರಣ ರಂಧ್ರ ದಾಟಿ ಕೆಳಗಿಳಿಯುತ್ತದೆ, ಕೆಳಗಿನದು ಮೇಲೇರುತ್ತದೆ. ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿ ತಲೆಕೆಳಗಾದ ಗೋಪುರವನ್ನು ನೋಡಿ ಬೆರಗಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಂಧ್ರ ಚಿಕ್ಕದಾದಷ್ಟೂ ಬಿಂಬ ಸ್ಪಷ್ಟವಾಗುತ್ತದೆ, ಆದರೆ ಮಂಕಾಗುತ್ತದೆ. ರಂಧ್ರದ ಜಾಗಕ್ಕೆ ಮಸೂರ ಬಂದ ಮೇಲೆ ಈ ತೊಡಕು ತಪ್ಪಿತು. ಛಾವಣಿಯಲ್ಲಿ ಓರೆಯಾಗಿ ಕನ್ನಡಿಯನ್ನೂ ಕೂರಿಸಿದರೆ ಹೊರಗಿನ ನೋಟ ಕೆಳಗಿನ ಬಿಳಿ ಮೇಜಿನ ಮೇಲೆ ಇಳಿಯುತ್ತದೆ.

ಸಾಮಾನ್ಯವಾಗಿ ಇಂಥ ಕಡೆ ಇರುತ್ತಿದ್ದದ್ದು ಒಂದೇ ಮಸೂರ, ಒಂದೇ ಕನ್ನಡಿ. ಎಡಿನ್‌ಬರೋ ನಗರದ ಪ್ರಸಿದ್ಧ ಕ್ಯಾಮೆರಾ ಅಬ್ಸ್ಕ್ಯೂರಾದಲ್ಲಿ ಈಗಲೂ ಮಾರ್ಗದರ್ಶಕರು ಕನ್ನಡಿಯನ್ನು ತಿರುಗಿಸುತ್ತ ಊರನ್ನು ತುಂಡುತುಂಡಾಗಿ ತೋರಿಸುತ್ತಾರೆ. ಮೇಜಿನ ಮೇಲೆ ಕಾಗದದ ಚೂರು ಹಿಡಿದು, ಬೀದಿಯಲ್ಲಿ ನಡೆಯುವವರನ್ನು ಅದರ ಮೇಲೆ ಹತ್ತಿಸಿಕೊಳ್ಳುವ ಆಟ ಅಲ್ಲಿ ಮಕ್ಕಳಿಗೆ ಅಚ್ಚುಮೆಚ್ಚು. ಡಗ್ಲಾಸಿನವರದು ಬೇರೆಯೇ ದಾರಿ. ಅಲ್ಲಿ ಹನ್ನೊಂದು ಮಸೂರಗಳಿವೆ. ಒಂದೊಂದೂ ಒಂದೊಂದು ದಿಕ್ಕನ್ನು ಹಿಡಿಯುತ್ತದೆ. ಯಾರೂ ಏನನ್ನೂ ತಿರುಗಿಸಬೇಕಿಲ್ಲ. ನೋಡುವವರೇ ಮಬ್ಬುಗತ್ತಲಲ್ಲಿ ಸುತ್ತು ಹಾಕುತ್ತ ಬಂದರು, ಹಡಗು, ಬಂಡೆ, ಕೊಲ್ಲಿಯನ್ನು ಒಂದಾದ ಮೇಲೊಂದರಂತೆ ನೋಡಬಹುದು. ಗುಡ್ಡದ ಹುಲ್ಲಿನ ಮೇಲೆ ಏಕಾಂತ ಹುಡುಕಿ ಕುಳಿತ ಪ್ರೇಮಿಗಳೂ ಈ ಮಸೂರಗಳ ಕಣ್ಣಿಗೆ ಬೀಳುತ್ತಿದ್ದರಂತೆ. ಆಗಿನ ಕಾಲಕ್ಕೆ ಇದೂ ಒಂದು ಆಕರ್ಷಣೆಯೇ.

ನೋಡುಗರು ಹೆಚ್ಚಾಗಿ ದುಡಿಯುವ ಜನ. ಲ್ಯಾಂಕಶೈರಿನ ಹತ್ತಿ ಗಿರಣಿಗಳ ಊರುಗಳಲ್ಲಿ ಬೇಸಿಗೆಯ ಒಂದು ವಾರ ಊರಿಗೆ ಊರೇ ಕೆಲಸ ನಿಲ್ಲಿಸಿ ಕಡಲತೀರಕ್ಕೆ ಹೊರಡುತ್ತಿತ್ತು. ಹಬೆ ಹಡಗುಗಳು ಅವರನ್ನು ಡಗ್ಲಾಸಿಗೆ ತಂದು ಇಳಿಸುತ್ತಿದ್ದವು. 1913ರಲ್ಲಿ ಈ ಪುಟ್ಟ ದ್ವೀಪಕ್ಕೆ 6 ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಬಂದಿದ್ದರು.

ಗಿರಣಿಯ ಹೊಗೆಯಿಂದ ಬಂದ ಆ ಜನರಿಗೆ ಕತ್ತಲೊಳಗಿನ ಮೇಜು ಏನಾಗಿ ಕಂಡಿರಬಹುದು? ಕೊಡ್ಯಾಕ್ ಕ್ಯಾಮೆರಾ 1888ರಲ್ಲೇ ಮಾರುಕಟ್ಟೆಗೆ ಬಂದಿತ್ತು. ಆದರೆ ಅದರ ಚಿತ್ರಗಳಲ್ಲಿ ಬಣ್ಣವಿಲ್ಲ, ಚಲನೆಯಿಲ್ಲ. ಪ್ಯಾರಿಸ್ಸಿನಲ್ಲಿ ಲ್ಯೂಮಿಯೇರ್ ಸಹೋದರರು ಟಿಕೆಟ್ ಇಟ್ಟು ಸಿನಿಮಾ ತೋರಿಸಿದ್ದು 1895ರ ಡಿಸೆಂಬರಿನಲ್ಲಿ. ಅದಕ್ಕೂ ಮೂರು ವರ್ಷ ಮೊದಲೇ ಈ ಗುಡ್ಡದ ಮೇಲೆ ನೀಲಿ ಸಮುದ್ರ ನೀಲಿಯಾಗಿಯೇ ಅಲೆಯಾಡುತ್ತಿತ್ತು, ಹಡಗಿನ ಹೊಗೆ ಗಾಳಿಗೆ ವಾಲುತ್ತಿತ್ತು. ಇದನ್ನು ಛಾಯಾಗ್ರಹಣಕ್ಕೆ ಮುಂಚಿನ ಹಳೇ ಉಪಕರಣ ಎಂದಷ್ಟೇ ಬಗೆಯುವುದು ಅನ್ಯಾಯ. ಅಂದಿನ ಛಾಯಾಚಿತ್ರ ಕೊಡಲಾಗದ ಚಲಿಸುವ ಬಣ್ಣದ ದೃಶ್ಯವನ್ನು ಇದು ಕೊಡುತ್ತಿತ್ತು. ಅದು ಏನನ್ನೂ ಉಳಿಸಿಕೊಳ್ಳುತ್ತಿರಲಿಲ್ಲ, ನಿಜ. ಆ ಗಳಿಗೆಯಲ್ಲಿ ಹೊರಗೆ ನಡೆಯುತ್ತಿದ್ದದ್ದನ್ನು ಆ ಗಳಿಗೆಯಲ್ಲೇ ತೋರಿಸುತ್ತಿತ್ತು. ಅದರ ಸೊಗಸೂ ಅದೇ.

ಬ್ರಿಟನ್ನಿನ ಕಡಲತೀರಗಳಲ್ಲಿದ್ದ ಇಂಥ ಬಹಳಷ್ಟು ಕಟ್ಟಡಗಳು ಮಾಯವಾಗಿವೆ. ಡಗ್ಲಾಸಿನದು ಉಳಿದದ್ದು ಅದೃಷ್ಟ. ದ್ವೀಪದ ಸರ್ಕಾರ ಅದನ್ನು ವಹಿಸಿಕೊಂಡು ದುರಸ್ತಿ ಮಾಡಿಸಿತು. ವಿದ್ಯುತ್ ದೀಪದಿಂದ ಇಲ್ಲಿ ಏನೂ ಸಾಗದು, ಬಿಸಿಲೇ ಬೇಕು. ಹಾಗಾಗಿ ಬೇಸಿಗೆಯಲ್ಲಿ, ಹವಾಮಾನ ನೋಡಿಕೊಂಡು ಬಾಗಿಲು ತೆರೆಯುತ್ತಾರೆ.

ಮಾಯವಾದದ್ದು ಮರಳಿ ಬಂದದ್ದೂ ಉಂಟು. ವೇಲ್ಸಿನ ಅಬರಿಸ್ಟ್ವಿತ್ ಎಂಬ ಕಡಲೂರಿನಲ್ಲಿ ವಿಕ್ಟೋರಿಯಾ ಕಾಲದ ಕ್ಯಾಮೆರಾ ಅಬ್ಸ್ಕ್ಯೂರಾ ನೆಲಸಮವಾಗಿ ದಶಕಗಳೇ ಕಳೆದಿದ್ದವು. 1985ರಲ್ಲಿ, ಮನೆಮನೆಗೆ ಬಣ್ಣದ ಟಿ.ವಿ. ಬಂದಿದ್ದ ಕಾಲದಲ್ಲಿ, ಅಲ್ಲಿನ ಗುಡ್ಡವೊಂದರ ಮೇಲೆ ಹೊಸದೊಂದು ಎದ್ದು ನಿಂತಿತು. ಅದರ ಮಸೂರ 14 ಅಂಗುಲ ಅಗಲದ್ದು. 1896ರಿಂದ ಓಡುತ್ತಿರುವ ಗುಡ್ಡದ ರೈಲು ಹತ್ತಿ ಜನ ಈಗಲೂ ಅದನ್ನು ನೋಡಲು ಮೇಲೇರುತ್ತಾರೆ.